ಸಿದ್ದಮ್ಮನ ಕಬಡ್ಡಿ, ನನ್ನ ಬಾಯಿ

"ಓಯ್ತು! ಎಲ್ಲಾ ಓಯ್ತು!"

ಬೇಗೂರಿಗೆ ಬಂದ ಮೊದಲ ಸಂಜೆ ಪಕ್ಕದ ಮನೆಯಿಂದ ಈ ಕೂಗು ಕೇಳಿಸಿತು. ಗದಗಿನಿಂದ ತಂದ ಗಂಟುಮೂಟೆ ಬಿಚ್ಚುತ್ತಿದ್ದವಳು ಹಾಗೇ ಬಿಟ್ಟು ಓಡಿದೆ. ಐವತ್ತು ದಾಟಿದ ಹೆಂಗಸೊಬ್ಬಳು ಜಗಲಿಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದಳು. ಪಕ್ಕದಲ್ಲಿ ಮೊಬೈಲು.

"ಯಾರ್ ತೀರಿಕೊಂಡ್ರವ್ವಾ?" ಎಂದೆ, ದುಃಖವನ್ನೂ ತಂದುಕೊಂಡು.

"ಯಾರೂ ಇಲ್ಲ ಕಣಮ್ಮಿ. ಸೆಮಿಫೈನಲ್ಲು. ನಮ್ಮೂರ್ ಟೀಮು ಒಂದ್ ಪಾಯಿಂಟಲ್ ಸೋತೋಯ್ತು."

ಕಬಡ್ಡಿ! ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಸಿಟ್ಟು ಆ 'ಕಣಮ್ಮಿ'ಯ ಮೇಲೆ. ನಮ್ಮ ಕಡೆ ಹೈಸ್ಕೂಲು ಟೀಚರನ್ನು ಹೀಗೆ ಯಾರು ಮಾತಾಡಿಸುತ್ತಾರೆ? ಅದು ಮನೆಯ ಹುಡುಗಿಯರಿಗೆ ಹೇಳುವ ಸಲಿಗೆಯ ಮಾತೆಂದು ತಿಳಿಯಲು ನನಗೆ ತಿಂಗಳು ಹಿಡಿಯಿತು.

ಗದಗಿನ ಗೆಳತಿಯರೇ, ನಗಬೇಡಿ. ಕನ್ನಡ ಕಲಿಸಲು ಬಂದವಳಿಗೇ ಇಲ್ಲಿಯ ಕನ್ನಡ ಅರ್ಥವಾಗುತ್ತಿರಲಿಲ್ಲ. ಒಂದು ಸಂಜೆ ತರಗತಿಯ ಮಕ್ಕಳು "ಮಿಸ್, ಓಗನ?" ಎಂದು ಕೇಳಿದರು. ಮನೆಗೆ ಹೋಗೋಣವೇ ಎಂದು ಅದರ ಅರ್ಥ. ನಾನು 'ಓದೋಣವೇ' ಎಂದುಕೊಂಡು ಹಿಗ್ಗಿ ಇನ್ನೊಂದು ಪಾಠ ಶುರುಮಾಡಿದೆ. ಪಾಪ, ಮಕ್ಕಳು!

ಪಕ್ಕದ ಮನೆಯ ಆ ಹೆಂಗಸು, ಸಿದ್ದಮ್ಮ, ಅರಿಶಿನದ ಹೊಲಗಳಲ್ಲಿ ಕೂಲಿ ಮಾಡುವವಳು. ತಂಡದಲ್ಲಿ ಅವಳ ಮಗನೂ ಇಲ್ಲ, ಅಳಿಯನೂ ಇಲ್ಲ. ಆದರೂ ಪಂದ್ಯವೆಂದರೆ ಕೆಲಸ ಬಿಟ್ಟು ಬಸ್ಸು ಹತ್ತುತ್ತಾಳೆ. ಬಿಡುವಿಲ್ಲದಿದ್ದರೆ ಮೊಬೈಲಿನಲ್ಲೇ ನೋಡಿ ಕಿರುಚುತ್ತಾಳೆ. ತಂಡವೋ, ವರ್ಷವರ್ಷವೂ ಸೆಮಿಫೈನಲ್ಲಿನಲ್ಲಿ ಮುಗ್ಗರಿಸುತ್ತದೆ. ಒಂದು ರಾತ್ರಿ ಅತ್ತು, ಬೆಳಿಗ್ಗೆ ಎದ್ದು, "ಮುಂದ್ಲ ವರ್ಸ ಬುಡಾಕಿಲ್ಲ ಕಣಮ್ಮಿ, ಕಪ್ಪು ನಮ್ದೇ" ಎನ್ನುತ್ತಾಳೆ. ಮೊದಲ ವಾರವೇ ವರ್ಗಾವಣೆಯ ಅರ್ಜಿ ಬರೆದಿಟ್ಟಿದ್ದ ನನಗೆ ಅವಳೆದುರು ನಾಚಿಕೆಯಾಗುತ್ತಿತ್ತು.

ಪಂದ್ಯದ ದಿನ ಅವಳ ಮನೆಯಲ್ಲಿ ಮುದ್ದೆ, ಉಪ್ಪೆಸರು. ಸೊಪ್ಪು ಬೇಯಿಸಿದ ನೀರಿಗೆ ಬೆಳ್ಳುಳ್ಳಿ ಖಾರ ಕಲಸುವ ಸಾರು ಅದು. ರೊಟ್ಟಿ ಕಡಿದು ಬೆಳೆದ ನಾನು ಮುದ್ದೆಯನ್ನೂ ಅಗಿಯುತ್ತಿದ್ದೆ. "ಅಗೀಬ್ಯಾಡ, ನುಂಗ್ಬುಡು. ಬಸ್ ಓಯ್ತದೆ!" ಎಂದು ಗದರುತ್ತಿದ್ದಳು. ಹೀಗೆ ನುಂಗುತ್ತ, ಅವಳ ಹಿಂದೆ ಓಡುತ್ತ, ಒಂಟಿತನ ಯಾವಾಗ ಕಡಿಮೆಯಾಯಿತೋ ಗೊತ್ತಾಗಲಿಲ್ಲ.

ಈ ವರ್ಷ ಬೇಗೂರು ಫೈನಲ್ಲಿಗೇ ಬಂತು. ಗುಂಡ್ಲುಪೇಟೆಯ ಮೈದಾನ. ಎದುರಾಳಿಗಳು ಹೊರಗಿನಿಂದ ಮೂವರು ಆಟಗಾರರನ್ನು ಕರೆಸಿದ್ದರು. ಆಟದ ಮಧ್ಯೆ ಅವರಲ್ಲೊಬ್ಬ, "ಹಿಡೀಲೇ ತಮ್ಮಾ, ಬಿಡಬ್ಯಾಡ!" ಎಂದು ಒದರಿದ. ನನ್ನ ಕಿವಿ ನೆಟ್ಟಗಾಯಿತು. ಅಯ್ಯೋ, ನಮ್ಮ ಕಡೆಯ ಮಾತು! ಎಷ್ಟು ದಿನವಾಗಿತ್ತು ಕೇಳಿ.

ಪಾಯಿಂಟು ಸಮ, ಕೊನೆಯ ರೈಡು. ಆ ಒದರಿದವನೇ ಬಂದ. ನಮ್ಮ ನಾಲ್ವರು ಅವನನ್ನು ಕೆಡವಿ ಅದುಮಿದರು. ಗೆದ್ದೆವು ಎಂದು ಸಿದ್ದಮ್ಮ ನನ್ನ ಕೈ ಹಿಸುಕಿದಳು. ಅವನು ತೆವಳುತ್ತ ನಡುಗೆರೆಯತ್ತ ಕೈ ಚಾಚಿದ. ನನಗೇನಾಯಿತೋ, ಎದ್ದು ನಿಂತು ಕಿರುಚಿದೆ: "ಮುಟ್ಟಲೇ ತಮ್ಮಾ! ಮುಟ್ಟು!"

ಮುಟ್ಟಿಬಿಟ್ಟ. ಬೇಗೂರು ಸೋತಿತು.

ಸಿದ್ದಮ್ಮ ನನ್ನ ಕೈ ಬಿಟ್ಟಳು. ನನಗೆ ಭೂಮಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. "ತಪ್ಪಾತು ಸಿದ್ದಮ್ಮಾ" ಎನ್ನುತ್ತ ಅತ್ತೇಬಿಟ್ಟೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಜನ ಕರಗುವಾಗ ಆ ಆಟಗಾರ ನಮ್ಮನ್ನು ಹುಡುಕಿಕೊಂಡು ಬಂದ. ಮೊಣಕೈ ತರಚಿತ್ತು, ಮುಖ ಅರಳಿತ್ತು.

"ಒದರಿದವ್ರು ನೀವ ಅಲ್ರಿ, ಅಕ್ಕಾರ? ಯಾವೂರ್ರಿ ನಿಮ್ದು?"

ಗದಗ ಎನ್ನಲು ಬಾಯಿ ತೆರೆದೆ. "ಬೇಗೂರು" ಎಂದಿತು ಬಾಯಿ.

ಅವನು ಕಕ್ಕಾಬಿಕ್ಕಿಯಾದ. "ಮಾತು ನಮ್ಮ ಕಡೇದು ಐತಲ್ರಿ?"

ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ನನ್ನ ತೋಳು ಹಿಡಿದಳು.

"ನಮ್ಮೂರೋಳೇ ಕಣಪ್ಪಾ. ಮಾತೊಂದ್ ನಿಮ್ದು."