ಕೆಡವಲಾಗದ ಐದು ಕಲ್ಲು

ನನ್ನ ನಾದಿನಿ ದುಲ್ಮಾ ತನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ಈ ಮೂವತ್ತು ವರ್ಷದಲ್ಲಿ ನಾನು ಒಂದೇ ಸಲ ಕೇಳಿದ್ದೇನೆ. ಆ ಒಂದು ಸಲಕ್ಕಾಗಿ ಆಕೆ ಹೊತ್ತ ಕಲ್ಲುಗಳಿಗೆ ಲೆಕ್ಕವಿಲ್ಲ. ನನ್ನಿಂದಲೂ ಹೊರಿಸಿದಳು, ಅದನ್ನು ನಾನು ಮರೆತಿಲ್ಲ.

ನಮ್ಮ ಗೋಬಿ ಮರುಭೂಮಿಯ ರಾಷ್ಟ್ರೀಯ ಉದ್ಯಾನದೊಳಗೆ ಯಾಂಗಿರ್ ಕಣಿವೆ ಇದೆ. ಅದರ ಬಾಯಲ್ಲಿ ನನ್ನ ಚಹಾದ ಗೇರ್, ಕಂಬಳಿ ಹೊದಿಸಿದ ದುಂಡು ಗುಡಾರ. ಅದರ ಹಿಂದೆ ಒಂಟೆಗಳು. ಅಲ್ಲಿಂದ ಮೇಲಿನ ಕಣಿವೆದಾರಿಯವರೆಗೆ ಹನ್ನೊಂದು ಕಿಲೋಮೀಟರ್ ಕಾಲುದಾರಿ. ಆ ದಾರಿ ಮಾಡಿದವಳು ದುಲ್ಮಾ, ಕಾಯುವವಳೂ ಅವಳೇ. ವಯಸ್ಸು ಐವತ್ನಾಲ್ಕು. ಚಿಕ್ಕಂದಿನಿಂದ ಒಂಟೆ ಹತ್ತಿ ಕಾಲು ಸ್ವಲ್ಪ ಬಾಗಿವೆ, ನಾಲಿಗೆ ಮಾತ್ರ ನೆಟ್ಟಗಿದೆ. ಇಂಥ ಕಡೆ ನೀರು ಸಿಗುತ್ತದೆ ಎಂದರೆ ಸಿಗುತ್ತದೆ, ಸಂಜೆಯೊಳಗೆ ದೂಳು ಏಳುತ್ತದೆ ಎಂದರೆ ನಾನು ಒಣಹಾಕಿದ ಮೊಸರುಗಟ್ಟಿಯನ್ನು ಮರುಮಾತಿಲ್ಲದೆ ಒಳಗೆ ತರುತ್ತೇನೆ.

ದಾರಿಗೆ ಗುರುತು ಇಡುವುದರಲ್ಲಿ ಅವಳದೇ ಕ್ರಮವಿತ್ತು. ಐದು ಕಲ್ಲು, ಕೆಳಗೆ ಮೂರು, ಮೇಲೆ ಎರಡು. ಒಂದು ಗುರುತಿನ ಪಕ್ಕ ನಿಂತರೆ ಮುಂದಿನದು ಕಾಣಬೇಕು, ಕುಕ್ಕರಗಾಲಲ್ಲಿ ಕೂತರೂ ಕಾಣಬೇಕು. "ಕೂಸಿಗೂ ಕಾಣ್ಬೇಕಲ್ಲ ಅತ್ತಿಗೆ, ದಾರಿ ಬರೀ ಉದ್ದ ಇರೋರಿಗಾ?" ಎನ್ನುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾದದ್ದು ತುದಿಯ ಕಲ್ಲು. ಅದನ್ನು ಓರೆಯಾಗಿ ಕೂರಿಸುತ್ತಿದ್ದಳು, ಅದರ ಮೇಲೆ ಯಾರಾದರೂ ಇನ್ನೊಂದು ಕಲ್ಲು ಇಟ್ಟರೆ ಜಾರಿ ಬೀಳಬೇಕು.

ಯಾಕೆಂದರೆ ನಮ್ಮ ಜನ ಕಲ್ಲಿನ ಗುಡ್ಡೆ ಕಂಡರೆ ಸುಮ್ಮನೆ ಹೋಗುವವರಲ್ಲ. ಒಂದು ಕಲ್ಲು ಹೆಕ್ಕಿ ಅದರ ಮೇಲಿಡಬೇಕು, ಪ್ರಯಾಣ ಚೆನ್ನಾಗಿರಲಿ ಎಂದು ಬೇಡಿಕೊಂಡು ಮೂರು ಸುತ್ತು ಹಾಕಬೇಕು. ಒಬ್ಬ ಇಟ್ಟದ್ದನ್ನು ಕಂಡು ಇನ್ನೊಬ್ಬ ಇಡುತ್ತಾನೆ. ಯಾರೋ ನೀಲಿ ರೇಷ್ಮೆ ವಸ್ತ್ರ ಕಟ್ಟುತ್ತಾರೆ, ಇನ್ನಾರೋ ಹಾಲು ಚಿಮುಕಿಸುತ್ತಾರೆ. ಅಲ್ಲಿಗೆ ಅದು ಗುಡ್ಡೆಯಲ್ಲ, ಓವೋ. ಓವೋದಿಂದ ಒಂದು ಕಲ್ಲು ತೆಗೆಯುವ ಕೈ ನಮ್ಮಲ್ಲಿ ಯಾರಿಗೂ ಇಲ್ಲ.

ಆರು ವರ್ಷದ ಹಿಂದಿನ ಜೂನ್‌ನಲ್ಲಿ ಕಣಿವೆಯ ಕವಲಿನಲ್ಲಿ ಬಲಗಡೆಯ ದಾರಿಯ ತುಂಬ ಇನ್ನೂ ಹಿಮಗಡ್ಡೆ ಇತ್ತು. ನಡೆಯುವವರು ಜಾರಿ ಬೀಳುತ್ತಿದ್ದರು. ಎಡಗಡೆಯ ಕೊರಕಲು ಹತ್ತಿದರೆ ಬಳಸಿಕೊಂಡು ಮತ್ತೆ ದಾರಿಗೇ ಇಳಿಯಬಹುದು ಎಂದು ದುಲ್ಮಾಗೆ ನೆನಪು. ಹುಡುಗಿಯಾಗಿದ್ದಾಗ ಮೇಕೆಗಳ ಹಿಂದೆ ಹೋಗಿ ನೋಡಿದ್ದಳಂತೆ. ಆ ನೆನಪನ್ನೇ ನಂಬಿ ಎಡ ಕೊರಕಲಿನ ಬಾಯಲ್ಲಿ ಐದು ಕಲ್ಲು ಇಟ್ಟು ಬಂದಳು. ಕೊನೆಯವರೆಗೆ ನಡೆದು ನೋಡಲಿಲ್ಲ. ಮೋಡ ಕವಿದಿತ್ತು, ಅವಸರದಲ್ಲಿ ತುದಿಯ ಕಲ್ಲನ್ನು ಓರೆಯಾಗಿಯೂ ಕೂರಿಸಲಿಲ್ಲ.

ನಾಲ್ಕನೆಯ ದಿನ ನಡೆದು ನೋಡಿದಳು. ಕೊರಕಲಿನ ಕೊನೆಯಲ್ಲಿ ಮೂರಾಳು ಎತ್ತರದ ನೇರ ಜಾರು. ಮೇಕೆಗಳೇನೋ ಇಳಿದಿದ್ದವು, ಸರಿ. ಮನುಷ್ಯರು ಇಳಿಯುವ ಜಾಗವಲ್ಲ. ಐದು ಕಲ್ಲು ಕಿತ್ತೆಸೆಯಲು ಓಡಿ ಬಂದರೆ, ಅಷ್ಟರಲ್ಲಿ ಒಂದು ಮದುವೆಯ ದಿಬ್ಬಣ ಅಲ್ಲಿಗೆ ಬಂದು ಹೋಗಿತ್ತು. ಗುಡ್ಡೆ ಮೊಣಕಾಲೆತ್ತರ, ಮೇಲೆ ಹೊಸ ನೀಲಿ ವಸ್ತ್ರ.

ಅವತ್ತು ನನ್ನ ಗೇರ್‌ಗೆ ಬಂದು ಕೂತವಳು ಉಪ್ಪು ಹಾಕಿದ ಹಾಲಿನ ಚಹಾವನ್ನು ಆರಿ ಕೆನೆಗಟ್ಟುವವರೆಗೂ ಮುಟ್ಟಲಿಲ್ಲ.

"ಕಿತ್ತು ಹಾಕಿ ಬರೋದಲ್ವೇನೇ?" ಎಂದೆ.

"ನೀನು ಕೀಳ್ತೀಯಾ? ಬಾ, ಕೀಳು, ನೋಡೋಣ."

ನಾನು ಚಹಾ ಮತ್ತೆ ಬಿಸಿಗಿಟ್ಟೆ.

ಬಲದಾರಿಯ ಬಾಯಲ್ಲಿ ಮರದ ಹಲಗೆ ನೆಟ್ಟಳು. ನಮ್ಮ ಒಂಟೆ ಹೋಗಿ ಕತ್ತು ಕೆರೆದುಕೊಂಡು ಅದನ್ನು ಬೀಳಿಸಿತು. ಮತ್ತೆ ನೆಟ್ಟಳು, ಮತ್ತೆ ಬೀಳಿಸಿತು. ವರ್ಷವರ್ಷವೂ ಓವೋ ಬೆಳೆಯಿತು, ಎದೆಯೆತ್ತರವಾಯಿತು. ಕಣಿವೆಗೆ ಬಂದವರಿಗೆಲ್ಲ ದುಲ್ಮಾ ನನ್ನ ಗೇರ್‌ನ ಬಾಗಿಲಲ್ಲೇ ನಿಂತು, "ಓವೋ ಕಂಡ ತಕ್ಷಣ ಬಲಕ್ಕೆ, ಬಲಕ್ಕೆ" ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಅದನ್ನು ಅಲ್ಲಿ ಇಟ್ಟವರು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ನನಗೊಬ್ಬಳಿಗೇ ಗೊತ್ತಿತ್ತು.

ಹೋದ ಆಗಸ್ಟ್‌ನಲ್ಲಿ ದುಲ್ಮಾ ಮೇಲಿನ ಕಣಿವೆದಾರಿಯಲ್ಲಿದ್ದ ದಿನ, ಜಿಲ್ಲಾ ಪಟ್ಟಣದಿಂದ ಯಾದಮ್ ಎಂಬ ನಿವೃತ್ತ ಶಾಲಾ ಮೇಡಂ ಒಬ್ಬರೇ ಬಂದರು. ಒಂದು ಬಟ್ಟಲು ಚಹಾ ಕುಡಿದು ನಡೆದರು. ಓವೋದ ಹತ್ತಿರ ಬಲಕ್ಕೆ ತಿರುಗಿ ಎಂದು ಅವತ್ತು ಹೇಳಬೇಕಾದವಳು ನಾನು. ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದೆ, ಮರೆತೆ. ಅವರು ಎಡಕ್ಕೆ ಹೋಗಿ ಜಾರಿನಲ್ಲಿ ಬಿದ್ದು ಹಿಮ್ಮಡಿಯ ಮೂಳೆ ಮುರಿದುಕೊಂಡರು. ಸಂಜೆ ದುಲ್ಮಾ ಅವರನ್ನು ಬೆನ್ನ ಮೇಲೆ ಹೊತ್ತು ತಂದಳು. ನೋವಿನಲ್ಲೂ ಮೇಡಂ ನಾಚಿಕೊಂಡು, "ಓವೋ ಇತ್ತಲ್ಲಮ್ಮ, ಇದೇ ದಾರಿ ಅಂದ್ಕೊಂಡೆ" ಎಂದರು. ದುಲ್ಮಾ ಅವರ ಕಾಲಿಗೆ ಪಟ್ಟಿ ಸುತ್ತತೊಡಗಿದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೇಡಂ ಬಿದ್ದ ಸುದ್ದಿ ಕೇಳಿ ಏಪ್ರಿಲ್‌ನಲ್ಲಿ ಉದ್ಯಾನದ ಹೊಸ ಮೇಲಧಿಕಾರಿ ಸೊಡ್ನೊಮ್ ಜೀಪಿನಲ್ಲಿ ಬಂದರು. ನಗರದವರು, ಬೂಟಿನ ಮೇಲಿನ ದೂಳು ಪದೇ ಪದೇ ಒರೆಸಿಕೊಳ್ಳುವವರು.

"ಜೂನ್ ಒಂದಕ್ಕೆ ನಾನೇ ನಡೆದು ನೋಡ್ತೀನಿ. ಜೊತೆಗೆ ಯಾರೂ ಬರಬಾರ್ದು. ನಾನು ದಾರಿ ತಪ್ಪಿದ್ರೆ ಈ ಕಾಲುದಾರಿ ಖಾಯಂ ಆಗಿ ಬಂದ್. ಆ ಕಲ್ಲಿನ ರಾಶಿ ತೆಗೆಸಿಬಿಡಿ."

"ಅದು ರಾಶಿ ಅಲ್ಲ ಸಾರ್, ಓವೋ."

"ಏನಾದ್ರೂ ಆಗ್ಲಿ, ತೆಗೆಸಿ."

"ತೆಗೆಯೋ ಕೈ ಇದ್ರೆ ನೀವೇ ಕಳಿಸಿಕೊಡಿ" ಎಂದಳು ದುಲ್ಮಾ. ಅವರು ಬೂಟು ಒರೆಸಿಕೊಂಡು ಹೋದರು.

ಆ ದಾರಿ ಮುಚ್ಚಿದರೆ ದುಲ್ಮಾಗೆ ಬದುಕಿನಲ್ಲಿ ಉಳಿಯುವುದು ನನ್ನ ಗೇರ್‌ನಲ್ಲಿ ಕೂತು ನನ್ನನ್ನೇ ಬೈಯುವುದೊಂದೇ. ಅವಳು ಮೂರು ದಿನ ಓವೋದ ಎದುರು ಹೋಗಿ ಕೂತು ಬಂದಳು. ನಾಲ್ಕನೆಯ ದಿನ ಬಂದವಳು ನೇರ ತಟ್ಟೆಗೆ ಕೈ ಹಾಕಿ ಬಿಸಿ ಬೂರ್ಟ್ಸಾಗ್ ಬಾಯಿಗೆ ಹಾಕಿಕೊಂಡಳು. ಕರಿದ ಹಿಟ್ಟನ್ನು ಹಾಗೆ ಮುಕ್ಕುತ್ತಿದ್ದಾಳೆಂದರೆ ಏನೋ ಹೊಳೆದಿದೆ ಎಂದೇ ಅರ್ಥ.

"ಅತ್ತಿಗೆ, ತೆಗೆಯೋ ಹಾಗಿಲ್ಲ, ಅಲ್ವಾ? ಇಡಬಾರ್ದು ಅಂತ ಯಾರಾದ್ರೂ ಹೇಳಿದಾರಾ?"

"ಇನ್ನೂ ಎತ್ತರ ಮಾಡ್ತೀಯೇನೇ ಮಹಾತಾಯಿ?"

"ಎತ್ತರ ಅಲ್ಲ, ಅಗಲ. ಕೊರಕಲಿನ ಬಾಯಿ ಹದಿನಾಲ್ಕು ಹೆಜ್ಜೆ. ಈ ಬಂಡೆಯಿಂದ ಆ ಬಂಡೆವರೆಗೂ ಓವೋನೇ ಬೆಳೀಲಿ. ಆಮೇಲೆ ಎಡಕ್ಕೆ ಹೇಗೆ ಹೋಗ್ತಾರೆ ನೋಡೋಣ."

ಸುತ್ತಲಿನ ಕುರಿಗಾಹಿ ಮನೆಗಳಿಗೆಲ್ಲ ಹೇಳಿ ಕಳಿಸಿದಳು. ಅವರು ಬರಬೇಕಾದರೆ ಗೊಂಚಿಗ್ ಒಪ್ಪಬೇಕು. ಎಪ್ಪತ್ತೆಂಟರ ಹಿರಿಯ, ನಮ್ಮ ಕಡೆ ಪೂಜೆ ಪದ್ಧತಿಗಳಲ್ಲಿ ಅವರ ಮಾತೇ ಕೊನೆ. ಅವರು ಬಂದರು, ಕವಲಿನಲ್ಲಿ ನಿಂತು ನೋಡಿದರು. ನಮಸ್ಕಾರಕ್ಕೆ ಚಾಚಬೇಕಾದ ನಸ್ಯದ ಡಬ್ಬಿಯನ್ನು ಎದೆಯಂಗಿಯಿಂದ ತೆಗೆಯಲೇ ಇಲ್ಲ. ಸಿಟ್ಟು ಬಂದಿದೆ ಎಂದು ನಮಗೆ ಗೊತ್ತಾಯಿತು.

"ಬಂಡೆಯಿಂದ ಬಂಡೆಗೆ ಕಟ್ಟಿದ್ರೆ ಸುತ್ತು ಹಾಕೋದು ಹೇಗಮ್ಮ? ಸುತ್ತೋಕಾಗದ ಓವೋ ಇದ್ರೆಷ್ಟು, ಬಿಟ್ರೆಷ್ಟು?"

"ಗೊಂಚಿಗಜ್ಜ, ನೀವು ಲಾರಿ ಓಡಿಸಿದ್ದು ಎಷ್ಟು ವರ್ಷ?"

"ಮೂವತ್ತೊಂದು. ಯಾಕೆ?"

"ದಾರಿಯಲ್ಲಿ ಓವೋ ಸಿಕ್ಕಾಗೆಲ್ಲ ಇಳಿದು ಸುತ್ತು ಹಾಕಿದ್ರಾ?"

ಅಜ್ಜ ಕೆಮ್ಮಿದರು.

"ಹೇಳಿ ಅಜ್ಜ."

"ಹಾರನ್ ಹೊಡೀತಿದ್ದೆ. ಮೂರು ಸಲ. ಎಲ್ರೂ ಅಷ್ಟೇ ಮಾಡೋದು."

"ಹಾರನ್ನಿಗೆ ಒಪ್ಪಿದ ಓವೋ ಇದಕ್ಕೆ ಮುನಿಸ್ಕೊಳ್ಳುತ್ತಾ?"

ಸುತ್ತ ನಿಂತವರು ನಗು ತಡೆಯಲು ಮುಖ ತಿರುಗಿಸಿಕೊಂಡರು. ಅಜ್ಜ ಬಗ್ಗಿ, ಬೆನ್ನು ಹಿಡಿದುಕೊಂಡು, ಕುರಿಯ ತಲೆಯಷ್ಟು ದೊಡ್ಡ ಕಲ್ಲೊಂದನ್ನು ಎತ್ತಿ ಓವೋದ ಎಡಮಗ್ಗುಲಿಗೆ ಇಟ್ಟರು. ಬಾಯಲ್ಲೇ ಮೂರು ಸಲ, "ಪೋಂ, ಪೋಂ, ಪೋಂ" ಎಂದರು. ಆಗ ತಡೆದಿದ್ದ ನಗುವೆಲ್ಲ ಹೊರಗೆ ಬಂತು.

ಮೇ ತಿಂಗಳಿಡೀ ಕಲ್ಲು ಹೊತ್ತೆವು. ನಮ್ಮ ಒಂಟೆಗಳು ಕಂಬಳಿ ಚೀಲದಲ್ಲಿ ಹೊತ್ತವು, ಹಲಗೆ ಬೀಳಿಸಿದ್ದಕ್ಕೂ ಸೇರಿಸಿ. ಚಹಾಕ್ಕೆಂದು ನಿಂತ ಲಾರಿಯವರನ್ನೂ ಬಿಡಲಿಲ್ಲ. ದುಲ್ಮಾ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಆಮೇಲೆ ಹೋಗುತ್ತಿದ್ದಳು. ಮೊದಲಿನ ಓವೋದ ಒಂದು ಕಲ್ಲೂ ಅಲುಗದಂತೆ ಎರಡೂ ಕಡೆ ಜೋಡಿಸುತ್ತ ಹೋದಳು. ಹೊಸದಾಗಿ ಜೋಡಿಸಿದ್ದೂ ಎದೆಯೆತ್ತರಕ್ಕೆ ಬೆಳೆದು ಎರಡೂ ಬಂಡೆಗಳನ್ನು ಮುಟ್ಟಿತು.

ಜೂನ್ ಒಂದರಂದು ಸೊಡ್ನೊಮ್ ಸಾಹೇಬರು ಒಬ್ಬರೇ ಕಣಿವೆ ಹೊಕ್ಕರು. ಜೊತೆಗೆ ಬರಬಾರದು ಎಂದಿದ್ದರು, ನೋಡಬಾರದು ಎಂದಿರಲಿಲ್ಲ. ದುಲ್ಮಾ, ಗೊಂಚಿಗಜ್ಜ, ನಾನು ಮೂವರೂ ಕವಲಿನ ಮೇಲಿನ ದಿಬ್ಬದಲ್ಲಿ ಬೋರಲು ಮಲಗಿದ್ದೆವು. ಸಾಹೇಬರು ಕವಲಿಗೆ ಬಂದರು. ಎಡಕ್ಕೆ ನೋಡಿದರು, ತೆಗೆಸಿ ಎಂದ ರಾಶಿ ಹದಿನಾಲ್ಕು ಹೆಜ್ಜೆ ಅಗಲವಾಗಿ ಕೂತಿತ್ತು. ನಾನು ದುಲ್ಮಾಳ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

ಸಾಹೇಬರು ಟೊಪ್ಪಿ ತೆಗೆದರು. ಅತ್ತಿತ್ತ ನೋಡಿ, ಬಗ್ಗಿ, ಒಂದು ಕಲ್ಲು ಹೆಕ್ಕಿ ಓವೋದ ಮೇಲಿಟ್ಟರು. ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಟೊಪ್ಪಿ ಹಾಕಿಕೊಂಡು ಬಲಕ್ಕೆ ತಿರುಗಿ ನಡೆದರು.

ಗೊಂಚಿಗಜ್ಜ ಮಲಗಿದ್ದಲ್ಲಿಂದಲೇ ನಸ್ಯದ ಡಬ್ಬಿ ತೆಗೆದು ಎರಡೂ ಕೈಯಿಂದ ದುಲ್ಮಾಗೆ ಚಾಚಿದರು. ನನಗೆ ಕಣ್ಣು ತುಂಬಿತು. ದಾರಿ ಉಳಿಯಿತು.

ಹಬ್ಬ ಮಾಡುತ್ತಾಳೆ ಎಂದುಕೊಂಡರೆ, ಮರುದಿನ ಬೆಳಿಗ್ಗೆ ದುಲ್ಮಾ ಒಳ್ಳೆಯ ನಿಲುವಂಗಿ ಹಾಕಿಕೊಂಡು ನಿಂತಿದ್ದಳು. "ಅತ್ತಿಗೆ, ಪಟ್ಟಣಕ್ಕೆ ಹೋಗೋಣ. ಮೇಡಂ ಮನೆಗೆ."

ಯಾದಮ್ ಮೇಡಂ ಊರುಗೋಲು ಹಿಡಿದೇ ಬಾಗಿಲು ತೆಗೆದರು. ಚಹಾ ಬಟ್ಟಲು ಕೈಗೆ ಬರುವವರೆಗೂ ದುಲ್ಮಾ ಕಾಯಲಿಲ್ಲ.

"ಮೇಡಂ, ಆ ಓವೋದ ಮೊದಲಿನ ಐದು ಕಲ್ಲು ನಾನು ಇಟ್ಟಿದ್ದು. ಜಾಗ ತಪ್ಪು. ನಡೆದು ನೋಡ್ದೆ ಇಟ್ಟೆ. ಆರು ವರ್ಷ ಯಾರಿಗೂ ಹೇಳ್ಲಿಲ್ಲ. ನಿಮ್ಮ ಕಾಲು ಮುರಿದಿದ್ದು ನನ್ನಿಂದ."

ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದಳು. ಹಾಗೆ ತಲೆ ತಗ್ಗಿಸಿದ ದುಲ್ಮಾಳನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಾಲು ಉಕ್ಕಿದ ನನ್ನ ಕತೆಯನ್ನೂ ಹೇಳಬೇಕೆಂದು ಬಾಯಿ ತೆರೆದವಳು ನಿಲುವಂಗಿಯ ಗುಂಡಿ ತಿರುಚುತ್ತ ಕೂತೆ.

ಮೇಡಂ ಊರುಗೋಲನ್ನು ಪಕ್ಕಕ್ಕಿಟ್ಟು ಅವಳ ಕೈ ಹಿಡಿದರು.

"ನಿನ್ನವು ಐದು ಕಲ್ಲು. ಅಲ್ವೇನಮ್ಮ?"

"ಹೂಂ."

"ಬೀಳೋಕೆ ಮುಂಚೆ ಅವತ್ತು ನಾನೂ ಅದರ ಮೇಲೊಂದು ಇಟ್ಟೆ. ದೊಡ್ಡದನ್ನೇ ಹುಡುಕಿ ಇಟ್ಟೆ, ದೂರದಿಂದ ಬರೋರಿಗೂ ಕಾಣ್ಲಿ ಅಂತ."