ಹಬ್ಬಕ್ಕೂ, ಹರಿದಿನಕ್ಕೂ

ಕನ್ನಡಕದಂಗಡಿಯವನಿಗೂ ಹುಟ್ಟಿದಾಗ ಇಟ್ಟ ಹೆಸರೊಂದಿತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ; ಅವಳು ಹೋದ ಮೇಲೆ ಅದೂ ಹೋಯಿತು. ಚರ್ಚಿನ ಸಭೆಯವರಿಗೆಲ್ಲ ಅವನು ‘ಹಬ್ಬಕ್ಕೂ’.

ಆದದ್ದಿಷ್ಟೇ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಆರಾಧನೆಯ ಹೊತ್ತಿಗೆ ಬೈಬಲಿನ ಪಾಠ ಓದಲು ಅವನನ್ನು ವೇದಿಕೆ ಹತ್ತಿಸಿದರು. ಪಾಠ ಪ್ರವಾದಿ ಹಬಕ್ಕೂಕನ ಪುಸ್ತಕದ್ದು. ಆ ಹೆಸರನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ‘ಪ್ರವಾದಿಯಾದ ಹಬ್ಬಕ್ಕೂ...’ ಎಂದು ಓದಿ, ಉಳಿದ ಆ ಒಂದು ‘ಕ’ವನ್ನು ಏನು ಮಾಡಬೇಕೆಂದು ತಿಳಿಯದೆ ಬೆವರುತ್ತ ನಿಂತುಬಿಟ್ಟ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು, ಸಭೆಯ ಹಿರಿಯರು ಬೇರೆ, ಬಾಯಿ ಮುಚ್ಚಿಕೊಂಡಿರಬಾರದೇ?

“ಹಬ್ಬಕ್ಕೂ ಬಂದ, ಹರಿದಿನಕ್ಕೂ ಬಂದ! ಸಾಕು, ಇಳಿಯಪ್ಪ. ಊರಿಗೆಲ್ಲ ಕನ್ನಡಕ ಮಾರ್ತೀಯ, ನೀನೂ ಒಂದು ಹಾಕ್ಕೋ.”

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊಸ ಹೆಂಡತಿ ತಲೆ ತಗ್ಗಿಸಿದಳು. ಮೇಷ್ಟ್ರು ತಾವೇ ಮೇಲೆ ಹೋಗಿ ಗಂಟೆ ಬಾರಿಸಿದಂಥ ದನಿಯಲ್ಲಿ ಓದಿದರು. ಅಂದಿನಿಂದ ಪ್ರತಿ ಭಾನುವಾರದ ಓದು ಅವರದೇ ಆಯಿತು.

ಹೆಸರು ಮಾತ್ರ ಅಂಟಿತು ನೋಡಿ! ಗಿರಾಕಿಗಳ ಬಾಯಲ್ಲಿ, ಹಾಲಿನವನ ಬಾಯಲ್ಲಿ, ಕೊನೆಗೆ ಹೆಂಡತಿಯ ಅಣ್ಣಂದಿರ ಬಾಯಲ್ಲಿ ಕೂಡ. ಏಳು ವರ್ಷದ ಮಗಳು ಒಂದು ದಿನ ಶಾಲೆಯಿಂದ ಅಳುತ್ತ ಬಂದು, “ನನ್ನನ್ನ ಹಬ್ಬಕ್ಕೂ ಮಗಳು ಅಂತಾರಪ್ಪಾ” ಎಂದಳು. ಅವನು ಹಲ್ಲು ಕಚ್ಚಿ ನಿರ್ಧಾರ ಮಾಡಿದ. ಈ ಮೇಷ್ಟ್ರಿಗೆ ಅದೇ ವೇದಿಕೆಯ ಮೇಲೆ, ಅದೇ ಜನರೆದುರು, ಅದೇ ಪುಸ್ತಕದಿಂದಲೇ ಮಣ್ಣು ಮುಕ್ಕಿಸಬೇಕು.

ಹಾಗೆ ಶುರುವಾಯಿತು ಅವನ ಓದು. ದೇವರಾಣೆಗೂ ಭಕ್ತಿಯಿಂದಲ್ಲ, ಹೊಟ್ಟೆಯುರಿಯಿಂದ. ಹಳೆಯ ಪುಸ್ತಕದ ಅಂಗಡಿಗಳಿಂದ ಬೈಬಲ್ ವ್ಯಾಖ್ಯಾನ, ದೇವಶಾಸ್ತ್ರ, ಸಭೆಯ ಚರಿತ್ರೆ ಎಂದು ಸಿಕ್ಕಿದ್ದನ್ನೆಲ್ಲ ಹೊತ್ತು ತಂದ. ಗಾಜು ಉಜ್ಜುವ ಚಕ್ರದ ಪಕ್ಕ ಪುಸ್ತಕ ಒರಗಿಸಿ, ಒಂದು ಗಾಜಿನ ಅಂಚು ಸವೆಯುವಷ್ಟರಲ್ಲಿ ಒಂದು ಪುಟ ಮುಗಿಸುತ್ತಿದ್ದ. ಪುಟಗಳೆಲ್ಲ ಗಾಜಿನ ಬಿಳಿ ಪುಡಿ. ಹಿಂದಿನ ಕಾಲದ ಬಿಷಪ್ಪರು ಒಂದೇ ಒಂದು ಅಕ್ಷರಕ್ಕಾಗಿ ಕಚ್ಚಾಡಿ ಒಬ್ಬರನ್ನೊಬ್ಬರು ಗಡೀಪಾರು ಮಾಡಿಸಿದ್ದನ್ನು ಓದಿದಾಗ, ಒಂದು ‘ಕ’ಕ್ಕಾಗಿ ಕುದಿಯುತ್ತಿರುವ ತಾನೇನೂ ಹುಚ್ಚನಲ್ಲ ಎಂದು ಬಹಳ ಸಮಾಧಾನವಾಯಿತು. ಕ್ಷಮೆಯ ಅಧ್ಯಾಯಗಳನ್ನೂ ಬಿಡದೆ ಓದಿದ. ಅಲ್ಲಿ ಅಡಿಗೆರೆ ಮಾತ್ರ ಎಳೆಯಲಿಲ್ಲ.

ಹದಿನೈದು ವರ್ಷ ಹೀಗೇ ಕಳೆಯಿತು. ಹೆಂಡತಿ ತೀರಿಕೊಂಡಳು. ಮಗಳು ಬೆಳೆದು ಅಂಗಡಿಯಲ್ಲಿ ಫ್ರೇಮು ಜೋಡಿಸುವ ಕೆಲಸಕ್ಕೆ ಕೂತಳು. ಹೊಸದಾಗಿ ಬಂದ ಪಾದ್ರಿ ಭಾನುವಾರದ ಪ್ರಸಂಗ ಬರೆಯಲು ಅವನ ಹತ್ತಿರವೇ ಪುಸ್ತಕ ಎರವಲು ಪಡೆಯತೊಡಗಿದರು. ಆದರೂ ಮೇಷ್ಟ್ರ ಓದಿನಲ್ಲಿ ಒಂದು ತಪ್ಪೂ ಸಿಗಲಿಲ್ಲ. ಬೆರಳಿಟ್ಟುಕೊಂಡು ಅಕ್ಷರ ಅಕ್ಷರ ಹಿಂಬಾಲಿಸಿದ, ಊಹೂಂ.

ಒಂದು ಬುಧವಾರ ಮೇಷ್ಟ್ರು ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದರು.

“ಇನ್ನೂ ಜೋರಾದ ಗಾಜು ಇದೆಯೇನಪ್ಪ, ಹಬ್ಬಕ್ಕೂ?”

ಇದ್ದಬದ್ದ ಗಾಜನ್ನೆಲ್ಲ ಅವರ ಕಣ್ಣಿಗೆ ಹಿಡಿದು ನೋಡಿದ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

“ಇದು ಕನ್ನಡಕದಿಂದ ಆಗೋದಲ್ಲ ಮೇಷ್ಟ್ರೇ. ಕಣ್ಣಿನ ಡಾಕ್ಟರ ಹತ್ರ ಹೋಗಿ.”

“ಹೋಗಿದ್ದೆ. ಕೈ ಬಿಟ್ರು. ನಡುವೆ ದೊಡ್ಡ ಕಪ್ಪು ಮಚ್ಚೆ, ನಿನ್ನ ಮುಖಾನೇ ಕಾಣಲ್ಲ.”

“ಮತ್ತೆ ಭಾನುವಾರ ಹೇಗೆ ಓದ್ತೀರಿ?”

ಮೇಷ್ಟ್ರ ದನಿ ಇಳಿಯಿತು. “ಶುಕ್ರವಾರ ಪಾದ್ರಿ ಪಾಠದ ಚೀಟಿ ಕಳಿಸ್ತಾರೆ. ನನ್ನ ಹೆಂಡತಿ ಎರಡು ದಿನ ಓದಿ ಹೇಳ್ತಾಳೆ, ಬಾಯಿಪಾಠ ಮಾಡ್ಕೋತೀನಿ. ಆ ಓದೊಂದು ಹೋದ್ರೆ ನನ್ನನ್ನ ಯಾರು ಕೇಳ್ತಾರಪ್ಪ? ಯಾರಿಗೂ ಹೇಳ್ಬೇಡ.”

“ಖಂಡಿತ ಹೇಳಲ್ಲ” ಎಂದ. ಅವನಿಗೆ ಕುಣಿಯುವಷ್ಟು ಖುಷಿಯಾಗಿತ್ತು.

ಅವರು ಹೋದ ಮೇಲೆ ಮಗಳು, “ಪಾಪ ಅಲ್ವಾ ಅಪ್ಪಾ?” ಎಂದಳು.

“ಪಾಪದ ವಿಷಯ ನನಗೆ ಹೇಳಿಕೊಡ್ಬೇಡ. ಅದರ ಮೇಲೇ ಹದಿನೆಂಟು ಪುಸ್ತಕ ಓದಿದ್ದೀನಿ.”

ಭಾನುವಾರ ಆರಾಧನೆಗೆ ಕಾಲು ಗಂಟೆ ಮುಂಚೆ ಅವನು ಪಾದ್ರಿಯ ಕೋಣೆಗೆ ಹೋದ. ಈ ದಿನದ ಪ್ರಸಂಗಕ್ಕೆ ಚೀಟಿಯಲ್ಲಿರುವುದಕ್ಕಿಂತ ಹಬಕ್ಕೂಕನ ಮೂರನೆಯ ಅಧ್ಯಾಯ ಚೆನ್ನಾಗಿ ಒಪ್ಪುತ್ತದೆ ಎಂದು ಮೂರು ವ್ಯಾಖ್ಯಾನಗಳ ಆಧಾರ ಕೊಟ್ಟು ಹೇಳಿದ. ಏನೂ ಅರಿಯದ ಪಾದ್ರಿ ಒಪ್ಪಿಕೊಂಡರು.

ಪಾದ್ರಿ ಪಾಠದ ಹೆಸರು ಹೇಳಿದಾಗ ಮೇಷ್ಟ್ರು ಆಗಲೇ ವೇದಿಕೆಯ ಮೇಲಿದ್ದರು. ಸುಮ್ಮನೆ ನಾಲ್ಕು ಹಾಳೆ ಮಗುಚಿ, ಬೈಬಲಿನಲ್ಲಿ ತಮಗೆ ಬಾಯಿಗೆ ಬರುತ್ತಿದ್ದ ಯಾವುದೋ ಕೀರ್ತನೆಯನ್ನು ಅದೇ ಗಂಟೆಯ ದನಿಯಲ್ಲಿ ಶುರುಮಾಡಿದರು.

ಕನ್ನಡಕದಂಗಡಿಯವನು ಎದ್ದು ನಿಂತ. “ಅದು ಕೀರ್ತನೆ, ಮೇಷ್ಟ್ರೇ. ಹಬಕ್ಕೂಕ ಓದಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಮೇಷ್ಟ್ರು ಇನ್ನೆರಡು ಹಾಳೆ ಮಗುಚಿದರು. ಪಾದ್ರಿ ಗಾಬರಿಯಾಗಿ, “ನೀವೇ ಬಂದು ಓದಿಬಿಡಿ” ಎಂದು ಅವನನ್ನು ಕರೆದರು. ಅವನು ದಡದಡನೆ ಮೆಟ್ಟಿಲು ಹತ್ತಿದ. ಮೇಷ್ಟ್ರು ಓದುವ ಪೀಠದ ಹಿಡಿತ ಬಿಟ್ಟು ಪಕ್ಕಕ್ಕೆ ಸರಿದರು. ಮೆಟ್ಟಿಲು ಯಾವ ಕಡೆಗಿದೆ ಎಂಬುದು ಅವರಿಗೆ ತಪ್ಪಿಹೋಯಿತು. ಒಂದು ಕಾಲನ್ನು ಮುಂದಿಟ್ಟು, ಗಾಳಿ ತಡಕಿ, ಹಿಂದಕ್ಕೆಳೆದುಕೊಂಡರು. ಅವನು ಅದನ್ನು ನೋಡಿದ, ನೋಡಿಯೇ ಓದಲು ಶುರುಮಾಡಿದ. ಆ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳಿದ. ಒಂದು ಅಧ್ಯಾಯ ಸಾಲದೆಂಬಂತೆ ನಿಧಾನವಾಗಿ, ಚಪ್ಪರಿಸಿಕೊಂಡು ಓದಿದ. ಅಷ್ಟು ಹೊತ್ತೂ ಮುದಿ ಮೇಷ್ಟ್ರು ಎಲ್ಲರ ಕಣ್ಣೆದುರು ಕೈ ಚಾಚಿಕೊಂಡು ಕಂಬದ ಹಾಗೆ ನಿಂತಿದ್ದರು. ಮುಗಿಸಿ, ಅವರ ಪಕ್ಕದಲ್ಲೇ ಹಾದು ಕೆಳಗಿಳಿದು ಬಂದ.

“ಯಾರಾದ್ರೂ ಒಂದು ಕೈ ಕೊಡ್ರಪ್ಪಾ” ಎಂದರು ಮೇಷ್ಟ್ರು.

ಹೆಂಗಸರ ಸಾಲಿನಿಂದ ಎದ್ದವಳು ಅವನ ಮಗಳು. ಸೀದಾ ಹೋಗಿ ಅವರ ತೋಳು ಹಿಡಿದಳು. “ಮೂರು ಮೆಟ್ಟಿಲಿದೆ ತಾತಾ, ನಿಧಾನ” ಎಂದು ಇಳಿಸಿ, ಆರಾಧನೆ ಮುಗಿಯುವುದಕ್ಕೂ ಕಾಯದೆ ಅವರ ಮನೆಯವರೆಗೂ ನಡೆಸಿಕೊಂಡು ಹೋದಳು.

ಅವಳು ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅವನು ಇಬ್ಬರಿಗೂ ತಟ್ಟೆ ಹಾಕಿಕೊಂಡು ಕಾಯುತ್ತಿದ್ದ.

“ಚೆನ್ನಾಗಿ ಓದಿದೆ, ಅಪ್ಪಾ” ಎಂದಳು. “ಒಂದು ತಪ್ಪೂ ಇರಲಿಲ್ಲ.”

ಅಷ್ಟು ಹೇಳಿ ತನ್ನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.