ಉತಾರದಲ್ಲಿ ನನ್ನ ಹೆಸರು

ಅಣ್ಣ ನರಗುಂದದ ನನ್ನ ಮನೆಗೆ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಬಂದ. ನನ್ನ ಗಂಡ ತೀರಿಕೊಂಡಾಗ ಬಂದು ಹೋದವನು ಆರು ವರ್ಷ ಈ ಹೊಸ್ತಿಲು ತುಳಿದಿರಲಿಲ್ಲ. ಬಾಳೆಹಣ್ಣು ನೋಡಿದ ಕೂಡಲೇ ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು ತಿಳಿಯಿತು. ಹೊಲಿಗೆ ಮಷಿನ್ ನಿಲ್ಲಿಸದೆಯೇ, "ಬಾ ಅಣ್ಣಾ, ಕುಂದ್ರು" ಅಂದೆ.

ಬೇಕಾಗಿದ್ದದ್ದು ಸಹಿ. ಅಪ್ಪ ಹೋದ ಮೇಲೆ ನಮ್ಮ ತವರೂರು ಸವಡಿಯ ಮನೆಯ ಉತಾರದಲ್ಲಿ, ಅಂದರೆ ಪಂಚಾಯ್ತಿಯ ದಾಖಲೆಯಲ್ಲಿ, ವಾರಸುದಾರರೆಂದು ನಮ್ಮಿಬ್ಬರ ಹೆಸರೂ ಏರಿದ್ದವು. ಅಣ್ಣನಿಗೆ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಮನೆ ಕಟ್ಟುವ ಹುರುಪು. ನನ್ನ ಹೆಸರು ಅಲ್ಲಿರುವತನಕ ಒಂದು ಇಟ್ಟಂಗಿ ಇಡುವುದಕ್ಕೂ ಅವನಿಗೆ ಪರವಾನಗಿ ಸಿಗುತ್ತಿರಲಿಲ್ಲ.

"ವಕೀಲ ಗಿಕೀಲ ಯಾಕ ಬೇಕು ತಂಗಿ? ನಾವೇನ ಜಗಳಾಡಾಕತ್ತೇವೇನು?" ಅಂದ. "ಪುರ್ತಗೇರಿಯ ನನ್ನ ಗೆಳ್ಯಾ ತನ್ನ ತಂಗಿ ಕಡಿಂದ ಹಕ್ಕು ಬಿಡಿಸಿಕೊಂಡಾನ. ಅವನ ಕಾಗದ ನೋಡಿ ನಮ್ದೂ ಬರಿಸೀನಿ. ನೀ ರೋಣದ ರಿಜಿಸ್ಟರ್ ಆಫೀಸಿಗೆ ಬಂದು ಹೆಬ್ಬಟ್ಟ ಒತ್ತಿದ್ರ ಆತು."

ಹೆಬ್ಬೆಟ್ಟಂತೆ! ಹತ್ತನೇ ಇಯತ್ತೆ ಪಾಸಾದವಳು ನಾನು. ಅವನು ಎರಡು ಸಲ ಪರೀಕ್ಷೆಗೆ ಕೂತು ಬಿಟ್ಟವನು. ಕಾಗದ ಕಸಿದುಕೊಂಡು ಓದಿದೆ. ಹೆಸರು, ಊರು, ಮನೆಯ ನಾಲ್ಕು ದಿಕ್ಕಿನ ವಿವರ ಬದಲಿಸಿ ಉಳಿದದ್ದನ್ನು ಗೆಳೆಯನ ಪತ್ರದಿಂದ ಇದ್ದ ಹಾಗೆಯೇ ಇಳಿಸಿದ್ದ. ನಡುವೆ ಒಂದು ಸಾಲು: 'ಅರಿಷಿಣ ಕುಂಕುಮ, ಸೀರೆ ಕುಪ್ಪಸ ಮುಟ್ಟಿದ್ದು, ಯಾರ ಒತ್ತಾಯವೂ ಇಲ್ಲದೆ ಸ್ವಖುಷಿಯಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.' ಪುರ್ತಗೇರಿಯ ಆ ತಂಗಿಗೆ ಗಂಡನಿದ್ದಾನೆ. ಅರಿಷಿಣ ಕುಂಕುಮ ಕೊಟ್ಟು ಅವಳನ್ನು ಕಳಿಸಿದ್ದಾರೆ. ಗಂಡ ಸತ್ತವಳಿಗೆ ಆ ಸಾಲು ಹೊಂದುವುದಿಲ್ಲ ಎಂದು ಇವನ ತಲೆಗೆ ಹೊಳೆದೇ ಇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಎರಡು ವರ್ಷದ ಹಿಂದೆ ಇವನ ಮಗಳ ಮದುವೆ. ಮದುಮಗಳ ಕುಪ್ಪಸ ಹೊಲಿದವಳು ನಾನೇ. ಗಜೇಂದ್ರಗಡದಿಂದ ಜರಿ ಅಂಚು ತರಿಸಿ, ಕಣ್ಣು ಕೆಂಪಾಗುವತನಕ ಕೂತು ಹೊಲಿದಿದ್ದೆ. ಹುಡುಗಿಗೆ ಅರಿಷಿಣ ಹಚ್ಚುವ ಹೊತ್ತಿಗೆ ನಾನೂ ಬಟ್ಟಲಿಗೆ ಕೈ ಹಾಕಿದೆ. ವೈನಿ, ಅಣ್ಣನ ಹೆಂಡತಿ, ಬಟ್ಟಲು ಸರಿಸಿಬಿಟ್ಟಳು. "ನೀ ಹೊರಗ ಕುಂದ್ರವಾ, ಕಾರ್ಯ ಮುಗಿಯೂತನಕ" ಅಂದಳು. ನಾನು ಅಣ್ಣನ ಮುಖ ನೋಡಿದೆ. "ಆಕಿ ಹೇಳೂದು ಖರೇ ಐತಿ ತಂಗಿ" ಅಂದ ಪುಣ್ಯಾತ್ಮ. ಹೊರಗೆ ಚಪ್ಪಲಿಗಳ ಹತ್ತಿರ ಕೂತೆ. ಹೋಗುವವರು ಬರುವವರು ನನ್ನನ್ನು ದಾಟಿಕೊಂಡೇ ಓಡಾಡಿದರು.

ಅದನ್ನೆಲ್ಲ ನುಂಗಿಕೊಂಡು ಮೆತ್ತಗೆ ಹೇಳಿದೆ. "ಸಹಿ ಮಾಡ್ತೀನಿ ಅಣ್ಣಾ. ಆದರ ಕಾಗದದಾಗ ಬರದದ್ದು ಆಗಬೇಕಲ್ಲ? ವೈನಿ ನನಗ ಕುಂಕುಮ ಹಚ್ಚಿ ಉಡಿ ತುಂಬಲಿ. ಅದೂ ನಡುಮನ್ಯಾಗ."

"ಅದು ಸುಮ್ನ ಬರಿಯೂದು, ಎಲ್ಲಾರೂ ಹಂಗ ಬರಿತಾರ!"

"ಸುಳ್ಳ ಕಾಗದಕ್ಕ ನಾ ಸಹಿ ಮಾಡಂಗಿಲ್ಲ."

ಎಂಟು ದಿನ ಫೋನಿನಲ್ಲಿ ರಮಿಸಿದ, ಬೈದ, ಕೊನೆಗೆ ಒಪ್ಪಿದ. ಖರೇ ಹೇಳುತ್ತೇನೆ, ವೈನಿ ನೆಟ್ಟಗೆ ಉಡಿ ತುಂಬಿದ್ದರೆ ನಾನು ಸಹಿ ಮಾಡುವವಳೇ ಇದ್ದೆ. ಆ ಎರಡು ಖೋಲಿಯ ಮನೆಯಲ್ಲಿ ನನ್ನ ಅರ್ಧ ಪಾಲು ಕಟ್ಟಿಕೊಂಡು ಏನು ಮಾಡಲಿ?

ಸವಡಿಗೆ ಹೋದೆ. ನಡುಮನೆಯಲ್ಲಿ ಮಣೆ ಹಾಕಿದ್ದರು. ನಾನು ಒಳಗೆ ಬಂದ ಕೂಡಲೇ ಬೀದಿ ಬಾಗಿಲು ಮುಚ್ಚಿದರು. ತೆಗೆಯಿರಿ ಅಂದೆ, ತೆಗೆದರು. ವೈನಿ ಹಸಿರು ಸೀರೆ ಕೊಟ್ಟಳು, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು ಉಡಿಗೆ ಹಾಕಿದಳು. ಬೆರಳ ತುದಿಯಿಂದ ಹಣೆಗೆ ಕುಂಕುಮ ಹಚ್ಚಿದಳು. ಆರು ವರ್ಷದ ಮೇಲೆ ಹಣೆ ತಣ್ಣಗಾಯಿತು. ಅಳು ಬಂತು, ತಡೆದುಕೊಂಡೆ. ಆ ಗಳಿಗೆಯಲ್ಲಿ ವೈನಿಯ ಮೇಲಿನ, ಅಣ್ಣನ ಮೇಲಿನ ಸಿಟ್ಟನ್ನೆಲ್ಲ ಬಿಟ್ಟುಬಿಡೋಣ ಅನ್ನಿಸಿತು.

ನೀರು ಕುಡಿಯಲು ಒಳಗೆ ಹೋದೆ. ಬಚ್ಚಲಿನಲ್ಲಿ ವೈನಿ ಸಾಬೂನು ಹಚ್ಚಿ ಆ ಬೆರಳನ್ನು ತಿಕ್ಕುತ್ತಿದ್ದಳು. ತೊಳೆದಳು, ಮತ್ತೆ ಸಾಬೂನು ಹಚ್ಚಿದಳು. ನನ್ನನ್ನು ಕಂಡು, "ಎಣ್ಣಿ ಹತ್ತಿತ್ತವಾ" ಅಂದಳು. ಉಡಿ ತುಂಬುವುದರಲ್ಲಿ ಎಣ್ಣೆ ಎಲ್ಲಿಂದ ಬಂತು? ನೀರು ಕುಡಿದೆ. ಮೂವರೂ ರೋಣದ ಬಸ್ಸು ಹತ್ತಿದೆವು.

ನೋಂದಣಿ ಕಚೇರಿಯಲ್ಲಿ ಸಾಹೇಬರು ಕಾಗದ ಓದಿ ತಲೆಯೆತ್ತಿದರು. "ಅರಿಷಿಣ ಕುಂಕುಮ ಮುಟ್ಟೈತೇನಮ್ಮಾ? ನಿಮ್ಮ ಖುಷಿಲೇ ಬಿಟ್ಟ ಕೊಡಾಕತ್ತೀರೇನು?"

"ಅರಿಷಿಣ ಕುಂಕುಮ ಮುಟ್ಟೈತ್ರಿ" ಅಂದೆ. "ಖುಷಿ ಇಲ್ರಿ."

"ತಂಗೀ! ತಲಿ ಕೆಟ್ಟೈತೇನ ನಿಂದು?" ಅಣ್ಣ ಕೂಗಿದ. ಸಾಹೇಬರು ಅವನಿಗೆ ಸುಮ್ಮನಿರಲು ಹೇಳಿ ನನ್ನನ್ನು ಮತ್ತೊಮ್ಮೆ ಕೇಳಿದರು. ಖುಷಿ ಇಲ್ಲ ಎಂದು ಮತ್ತೊಮ್ಮೆ ಹೇಳಿದೆ. ಅವರು ಕಾಗದ ಮಡಚಿ ಅಣ್ಣನ ಕೈಗೆ ಕೊಟ್ಟರು. ವೈನಿ ನನ್ನ ಹಣೆಯನ್ನೇ ನೋಡುತ್ತ ನಿಂತಿದ್ದಳು. ನನಗೆ ಭಾಳ ಚಲೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ನರಗುಂದದ ಬಸ್ಸಿನಲ್ಲಿ ಉಡಿಯೊಳಗಿನ ಉತ್ತತ್ತಿಯನ್ನು ಒಂದೊಂದೇ ತಿನ್ನುತ್ತ ಮನೆ ಮುಟ್ಟಿದೆ.

ಎರಡು ತಿಂಗಳಾದ ಮೇಲೆ ಅಣ್ಣ ಮತ್ತೆ ಬಂದ. ಮಳೆಗೆ ಮಾಳಿಗೆಯ ಒಂದು ಮೂಲೆ ಕುಸಿದಿತ್ತಂತೆ. ಈ ಸಲ ಎರಡು ಡಜನ್ ಬಾಳೆಹಣ್ಣು. "ತಂಗಿ, ಒಳಗ ಬರ್ಲೇನು?" ಅಂದ.

"ಹೊರಗ ಕುಂದ್ರು ಅಣ್ಣಾ, ಕೆಲಸ ಮುಗಿಯೂತನಕ" ಅಂದೆ.

ಕೂತ, ಚಪ್ಪಲಿಗಳ ಹತ್ತಿರ. ಆವತ್ತು ನನಗೆ ಅಂಥ ಕೆಲಸವೇನೂ ಇರಲಿಲ್ಲ. ಹೊಲಿದು ಮುಗಿಸಿದ್ದ ಒಂದು ಕುಪ್ಪಸ ಬಿಚ್ಚಿ, ಮೊದಲಿನಿಂದ ಹೊಲಿಯಲು ಕೂತೆ.